ಎಡಗಡೆ ಕೂತರೆ ಮಾತಾಡದ ತಾತ

"ತಾತಂಗೆ ನನ್ನ ಮೇಲೆ ಕೋಪ. ಈ ಕಡೆ ಕೂತ್ರೆ ತಿರುಗಿಯೂ ನೋಡಲ್ಲ, ಆ ಕಡೆ ಹೋದ್ರೆ ನಗ್ತಾರೆ." ಇಲ್ಲಿ ಪಕ್ಕದ ಮನೆಯ ಹುಡುಗಿಯ ದೂರು ಇದು. ಈ ಕಡೆ ಅಂದರೆ ತಾತನ ಎಡಗಡೆ. ಪಾರ್ಶ್ವವಾಯು ಆಗಿದ್ದು ಮೆದುಳಿನ ಬಲಭಾಗಕ್ಕೆ. ದೊಡ್ಡವರು ವಾರಗಟ್ಟಲೆ ಗಮನಿಸದ್ದನ್ನು ಮಗು ಒಂದೇ ಮಾತಲ್ಲಿ ಹೇಳಿಬಿಟ್ಟಿತು.

ಊರಿನಿಂದ ಬರುವ ಫೋನಿನಲ್ಲಿ ಕೇಳುವುದು ಎರಡೇ: ಕೈಕಾಲು ಆಡ್ತಿದೆಯಾ, ಮಾತು ಬಂತಾ? ಮಾತು ಹೆಚ್ಚಿನವರಲ್ಲಿ ಎಡ ಮೆದುಳಿನ ಕೆಲಸ. ಹಾಗಾಗಿ ಬಲಭಾಗಕ್ಕೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ನೆಟ್ಟಗೇ ಮಾತಾಡುತ್ತಾರೆ, ಮನೆಯವರೂ ನಿರಾಳವಾಗುತ್ತಾರೆ. ಆಮೇಲೆ ತಟ್ಟೆಯ ಎಡಗಡೆಯ ಅನ್ನ ಹಾಗೇ ಉಳಿದರೆ ಹಠ ಅನ್ನುತ್ತಾರೆ, ಇಲ್ಲವೇ ಕನ್ನಡಕ ಬದಲಿಸುತ್ತಾರೆ.

ಕಣ್ಣಿನದಲ್ಲ, ಗಮನದ ತೊಂದರೆ ಇದು. ವೈದ್ಯರು ನೆಗ್ಲೆಕ್ಟ್ ಅನ್ನುತ್ತಾರೆ. ಬಲ ಮೆದುಳು ಎರಡೂ ಕಡೆ ಗಮನವಿಡುತ್ತದೆ, ಎಡ ಮೆದುಳು ಮುಖ್ಯವಾಗಿ ಬಲಗಡೆಗೆ ಮಾತ್ರ. ಬಲಭಾಗ ಕೆಟ್ಟರೆ ಎಡಗಡೆಯನ್ನು ಕಾಯುವವರೇ ಇಲ್ಲ. ದೃಷ್ಟಿಯ ಅರ್ಧಭಾಗ ಮಾತ್ರ ಹೋದವರು ಸಾಮಾನ್ಯವಾಗಿ ತಲೆ ತಿರುಗಿಸಿ ಸರಿದೂಗಿಸಿಕೊಳ್ಳುತ್ತಾರೆ. ಇವರು ತಿರುಗಿಸುವುದಿಲ್ಲ, ಏನೋ ತಪ್ಪುತ್ತಿದೆ ಎಂಬ ಅರಿವೇ ಅವರಿಗಿಲ್ಲ.

1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಇಂಥವರಿಗೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಮಿಲಾನ್ ನಗರದ ಕೆಥೆಡ್ರಲ್ (ದೊಡ್ಡ ಚರ್ಚ್) ಚೌಕವನ್ನು ಕಲ್ಪಿಸಿಕೊಳ್ಳಲು ಹೇಳಿದರು. ಒಂದು ತುದಿಯಲ್ಲಿ ನಿಂತಂತೆ ನೆನೆದಾಗ ಹೆಚ್ಚಾಗಿ ಬಲಗಡೆಯ ಕಟ್ಟಡಗಳೇ ಬಂದವು. ಎದುರು ತುದಿಗೆ ಹೋದಂತೆ ನೆನೆದಾಗ, ಮೊದಲು ಬಿಟ್ಟವೇ ಈಗ ಬಾಯಿಗೆ ಬಂದವು! ನೆನಪು ಅಳಿಸಿರಲಿಲ್ಲ, ಅದರ ಎಡಗಡೆಗೆ ಗಮನ ಹೋಗುತ್ತಿರಲಿಲ್ಲ.

ಅನುಮಾನ ಬಂದರೆ ಹಾಳೆಯ ಮೇಲೆ 20 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆದು ನಡುವೆ ಗುರುತು ಹಾಕಿಸಿ. ಗುರುತು ಬಲಕ್ಕೆ ಎದ್ದು ಕಾಣುವಷ್ಟು ಜಾರಿರುತ್ತದೆ. ಗಡಿಯಾರ ಬರೆಸಿದರೆ 12 ಅಂಕಿಗಳೂ ಬಲಕ್ಕೆ ಗುಂಪುಗೂಡಬಹುದು. ಸೌಮ್ಯವಾಗಿದ್ದರೆ ಇವೆರಡೂ ಸರಿ ಬರಬಹುದು. ಆಗ ಎದುರು ನಿಂತು ಎರಡೂ ಕಡೆ ಒಟ್ಟಿಗೆ ಬೆರಳಾಡಿಸಿ. ಒಂದೊಂದೇ ಆಡಿಸಿದಾಗ ಎರಡನ್ನೂ ಕಂಡವರು, ಒಟ್ಟಿಗೆ ಆಡಿಸಿದಾಗ ತಮ್ಮ ಎಡಗಡೆಯದನ್ನು ಕಳೆದುಕೊಳ್ಳುತ್ತಾರೆ. ಯಾವುದು ತಪ್ಪಿದರೂ ವೈದ್ಯರಿಗೆ ತಿಳಿಸಿ.

"ಎಡಕ್ಕೆ ನೋಡಿ" ಎಂದು ಗದರಿದರೆ ಆ ಕ್ಷಣಕ್ಕಷ್ಟೇ. ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲನ್ನೂ ಅದನ್ನು ಮುಟ್ಟಿಯೇ ಓದಿಸಬೇಕು. ಬಲಗಡೆಯಿಂದ ಮಾತು ಶುರುಮಾಡಿ, ಮಾತಾಡುತ್ತಲೇ ನಿಧಾನವಾಗಿ ಎಡಕ್ಕೆ ಸರಿಯಿರಿ. ಟಿವಿ, ಗದ್ದಲ ಬಲಗಡೆ ಬೇಡ. ಸಹಾಯಕ್ಕೆ ಕರೆಯುವ ಗಂಟೆ ಮಾತ್ರ ಬಲಗಡೆಯೇ ಇರಲಿ, ಎಡಕ್ಕೆ ನೋಡುವ ಅಭ್ಯಾಸವನ್ನು ಅದರಲ್ಲಿ ಮಾಡಿಸಬೇಡಿ. ಗಾಲಿಕುರ್ಚಿಯಿಂದ ಏಳುವ ಮುನ್ನ ಎಡ ಬ್ರೇಕನ್ನು ಬೇರೆಯವರೇ ನೋಡಬೇಕು. ಬಲದ್ದನ್ನಷ್ಟೇ ಹಾಕಿ ಎದ್ದರೆ ಕುರ್ಚಿ ತಿರುಗಿ ಬೀಳುತ್ತಾರೆ.