ತೂತು ಚಿಕ್ಕದು, ಆಪರೇಷನ್ ಚಿಕ್ಕದಲ್ಲ

"ತೂತು ಚಿಕ್ಕದು ಅಷ್ಟೇ ಯಜಮಾನ್ರೇ, ಆಪರೇಷನ್ ಚಿಕ್ಕದಲ್ಲ."

ಈ ವಾರ ಅಪ್ಪನ ಹರ್ನಿಯಾ ತೋರಿಸಲು ಹೋದಾಗ ಸರ್ಜನ್ ಹೇಳಿದ ಮಾತು ಇದು. ಅಪ್ಪ ಕೇಳಿದ್ದು ಇಷ್ಟೇ: "ಆ ಮೂರು ತೂತಿಂದೇ ಮಾಡ್ಬಿಡಿ ಡಾಕ್ಟ್ರೇ, ಅದು ಸುಲಭ ಅಲ್ವಾ?"

ಅದನ್ನು ತಲೆಗೆ ತುಂಬಿದ್ದು ಮಾವ. ಅವರಿಗೆ ತೊಡೆಸಂದಿನ ಎರಡೂ ಕಡೆ ಹರ್ನಿಯಾ ಇತ್ತು. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಕೀಹೋಲ್ ಆಪರೇಷನ್‌ನಲ್ಲಿ, ಅದೇ ಮೂರು ತೂತಿನಿಂದ ಎರಡನ್ನೂ ಮುಗಿಸಿದರು, ಬೇಗ ಓಡಾಡಿದರು. ಎರಡೂ ಕಡೆ ಇದ್ದವರಿಗೆ ಅದೇ ಒಳ್ಳೆಯದು, ನಿಜ. ಮಾವ ಒಳ್ಳೆಯ ಮನಸ್ಸಿನವರು, ಆದರೆ ತಮಗೆ ಒಗ್ಗಿದ್ದು ಎಲ್ಲರಿಗೂ ಒಗ್ಗುತ್ತದೆ ಅಂತ ನಂಬುವವರು.

ಸರ್ಜನ್ ಹಾಳೆ ಎಳೆದುಕೊಂಡು ಚಿತ್ರ ಬರೆದರು. ಹೊಟ್ಟೆಗೋಡೆಗೆ ಒಂದು ಗೆರೆ, ಅದರಲ್ಲೊಂದು ಸಂದು, ಅಲ್ಲಿಂದ ಹೊರಗೆ ತಳ್ಳಿಕೊಂಡ ಕರುಳು. ಗೆರೆಯ ಹಿಂದೆ ಪೆನ್ನಿನಲ್ಲಿ ಬಲೆ ಹೆಣೆದು, ಇದು ಮೆಶ್, ಸಂದಿಗೆ ಆಸರೆಯಾಗಿ ಇಡುವ ಬಲೆ ಅಂದರು. ಲ್ಯಾಪ್ರೋಸ್ಕೋಪಿಯಲ್ಲಿ ಮೆಶ್ ಸ್ನಾಯುವಿನ ಹಿಂದೆ ಕೂರುತ್ತದೆ. ಟಿಎಪಿಪಿ ಅಂದರೆ ಹೊಟ್ಟೆಯೊಳಗೆ ಹೋಗಿ, ಹೊಟ್ಟೆಗೋಡೆಯ ಒಳಮೈಯ ಪೊರೆ ಬಿಡಿಸಿ ಮೆಶ್ ಇಡುವುದು. ಟಿಇಪಿ ಅಂದರೆ ಹೊಟ್ಟೆಯೊಳಗೆ ಹೋಗದೆ, ಪೊರೆಗೂ ಸ್ನಾಯುವಿಗೂ ನಡುವೆಯೇ ಜಾಗ ಮಾಡಿಕೊಳ್ಳುವುದು. ಎರಡರಲ್ಲೂ ಕಾರ್ಬನ್ ಡೈಆಕ್ಸೈಡ್ ತುಂಬಿಸುತ್ತಾರೆ, ಸಾಮಾನ್ಯವಾಗಿ ಪೂರ್ತಿ ಅನಸ್ತೇಷಿಯಾ ಕೊಡುತ್ತಾರೆ.

ಆಮೇಲೆ ಅಪ್ಪನ ಹಳೆಯ ಫೈಲು ತಿರುವಿದರು. ಹಿಂದೆ ಪ್ರಾಸ್ಟೇಟ್ ತೆಗೆದಿದ್ದಾರೆ, ಹಾಗಾಗಿ ಮೆಶ್ ಇಡಬೇಕಾದ ಜಾಗವೇ ಅಂಟಿಕೊಂಡಿರುತ್ತದೆ. ಬಿಡಿಸಲು ಹೋದರೆ ಮೂತ್ರಕೋಶಕ್ಕೆ ಪೆಟ್ಟಾಗಬಹುದು. ಉಬ್ಬಸ ಬೇರೆ ಇದೆ, ಪೂರ್ತಿ ಅನಸ್ತೇಷಿಯಾ ತಪ್ಪಿಸಿದರೆ ಒಳ್ಳೆಯದು. ಮುಂದಿನಿಂದ ತೆರೆದು ಮೆಶ್ ಹಾಕುವ ಲಿಕ್ಟೆನ್‌ಸ್ಟೈನ್ ವಿಧಾನವಾದರೆ ಆ ಜಾಗದ ತಂಟೆಗೇ ಹೋಗಬೇಕಿಲ್ಲ, ಆ ಭಾಗ ಮಾತ್ರ ಮರಗಟ್ಟಿಸಿದರೂ ಸಾಕು.

ನನಗೆ ಸಿಟ್ಟು ಬಂದಿದ್ದು ಮೊದಲು ತೋರಿಸಿದ್ದ ಡಾಕ್ಟರ್ ಮೇಲೆ. ಅದೇ ಫೈಲು ಅವರ ಮೇಜಿನ ಮೇಲೂ ಇತ್ತು. ತೆರೆಯಲೇ ಇಲ್ಲ, ಕೀಹೋಲ್ ಮಾಡೋಣ ಅಂದುಬಿಟ್ಟರು. ನಾವೂ ಸುಮ್ನೆ ಗಾಯದ ಉದ್ದ ನೋಡಿ ಆಪರೇಷನ್ ಅಳೆಯುತ್ತೇವೆ. ಚರ್ಮದ ಮೇಲೆ ಮೂರು ಚುಕ್ಕೆ ಕಂಡರೆ ಒಳಗೂ ಅಷ್ಟೇ ಕೆಲಸ ಅಂದುಕೊಳ್ಳುತ್ತೇವೆ. ಲ್ಯಾಪ್ರೋಸ್ಕೋಪಿ ಬೇಡ ಅಂತಲ್ಲ. ಮುಂದಿನಿಂದ ಮಾಡಿದ್ದು ಕೈಕೊಟ್ಟು ಮತ್ತೆ ಹರ್ನಿಯಾ ಬಂದವರಿಗೆ ಲ್ಯಾಪ್ರೋಸ್ಕೋಪಿಯಲ್ಲಿ ಸ್ನಾಯುವಿನ ಹಿಂದಿನಿಂದ ಹೋಗುವುದೇ ವಾಸಿ, ಆ ಜಾಗ ಇನ್ನೂ ಯಾರೂ ಮುಟ್ಟದ್ದು. ನೋವು ಕಡಿಮೆ, ಕೆಲಸಕ್ಕೂ ಬೇಗ ಮರಳಬಹುದು. ಆದರೆ ಯಾರಿಗೆ ಯಾವುದು ಅಂತ ಹೇಳುವ ಮುಂಚೆ ಫೈಲು ತೆರೆಯಬೇಕು. ಇಂಥದ್ದು ನೀವು ಎಷ್ಟು ಮಾಡಿದ್ದೀರಿ ಅಂತ ಸರ್ಜನ್‌ನ ಕೇಳುವುದೂ ತಪ್ಪಲ್ಲ, ಅದರಲ್ಲೂ ಟಿಇಪಿ ಕೈಗೆ ಕೂರಲು ಜಾಸ್ತಿ ಅಭ್ಯಾಸ ಬೇಕು.

ಅಪ್ಪ ಒಪ್ಪಿದ್ದಾರೆ. ಮಾವ ಇನ್ನೂ ಒಪ್ಪಿಲ್ಲ. ಮುಂದಿನ ವಾರಕ್ಕೆ ದಿನ ಸಿಕ್ಕಿದೆ. ಅಷ್ಟರೊಳಗೆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಮಧ್ಯರಾತ್ರಿಯಾದರೂ ಬನ್ನಿ, ಆಗ ಯಾವ ವಿಧಾನ ಅಂತ ಚರ್ಚೆ ಮಾಡುತ್ತಾ ಕೂರಬೇಡಿ ಅಂದಿದ್ದಾರೆ ಸರ್ಜನ್.