ಎನ್‌ಜಿಸಿ 1365: 30 ಕೆಇವಿ ಹತ್ತಿರದ ಉಬ್ಬು ಕೊನೆಗೂ ಹೋಯಿತು

ಎನ್‌ಜಿಸಿ 1365 ಅನ್ನೋ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಎಕ್ಸ್-ರೇ ಸ್ಪೆಕ್ಟ್ರಮ್ (ಯಾವ ಶಕ್ತಿಯ ಬೆಳಕು ಎಷ್ಟು ಬಂತು ಅನ್ನೋ ನಕ್ಷೆ) ನೋಡುತ್ತಿದ್ದೆ. ಅದರಲ್ಲಿ 30 ಕೆಇವಿ ಹತ್ತಿರ ಒಂದು ಉಬ್ಬು; ಕೆಇವಿ ಅಂದರೆ ಆ ಬೆಳಕಿನ ಶಕ್ತಿಯ ಅಳತೆ. ನಿನ್ನೆ ರಾತ್ರಿ ಒಂದೂವರೆಗೆ ಆ ಉಬ್ಬು ಹೋಯಿತು. ಮೂರು ವಾರ ಕಾಡಿತ್ತು. ಖುಷಿಗೆ ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಪಕ್ಕದ ರೂಮಿನಿಂದ ಅಮ್ಮ, "ಸಿಕ್ತೇನೋ ಸೊಳ್ಳೆ?" ಅಂದರು.

ಡೇಟಾ ಇಳಿಸಿದ್ದು, ಅದನ್ನು ಶುಚಿ ಮಾಡುವ ಪೈಪ್‌ಲೈನ್ ತಂತ್ರಾಂಶ ಓಡಿಸಿದ್ದು ನಿಮಗೆಲ್ಲ ಗೊತ್ತಿರೋದೇ, ಬಿಡೋಣ. 2012ರ ಜುಲೈನಲ್ಲಿ ನುಸ್ಟಾರ್ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಅನ್ನೋ ಎರಡು ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕಗಳು ಒಟ್ಟಿಗೆ ನೋಡಿದ ಡೇಟಾ ಇದು. ಈ ಕಪ್ಪುಕುಳಿಯ ತಿರುಗುವ ವೇಗ ಗರಿಷ್ಠದ ಶೇ. 84ಕ್ಕಿಂತ ಕಡಿಮೆ ಇಲ್ಲ ಅಂತ 2013ರಲ್ಲಿ ಲೆಕ್ಕ ಸಿಕ್ಕಿದ್ದು ಇದರಿಂದಲೇ. ನಾನು ಹೊಸದೇನನ್ನೂ ಕಂಡುಹಿಡಿಯಲು ಹೊರಟಿಲ್ಲ. ಆ ಲೆಕ್ಕಕ್ಕೆ ಆಧಾರವಾದ ಕಬ್ಬಿಣದ ಗೆರೆಯನ್ನು (ಸ್ಪೆಕ್ಟ್ರಮ್‌ನಲ್ಲಿ ಕಬ್ಬಿಣ ಬಿಡುವ ಬೆಳಕಿನ ಗುರುತು) ನನ್ನ ಕೈಯಾರೆ ಒಮ್ಮೆ ತೆಗೆದು ನೋಡಬೇಕು, ಅಷ್ಟೇ ಆಸೆ.

ಕಬ್ಬಿಣದ 6.4 ಕೆಇವಿ ಗೆರೆಗೆ ಕಡಿಮೆ ಶಕ್ತಿಯ ಕಡೆಗೆ ಒಂದು ಬಾಲ ಇರುತ್ತದೆ. ಕುಳಿಯ ಸುತ್ತ ಸುತ್ತುವ ಬಿಸಿ ಅನಿಲದ ತಟ್ಟೆಯಲ್ಲಿ ಕುಳಿಗೆ ತೀರಾ ಹತ್ತಿರದ ಭಾಗದಿಂದ ಹೊರಟ ಬೆಳಕು ಗುರುತ್ವದ ಹಿಡಿತದಿಂದ ಏರಿ ಬರುವಷ್ಟರಲ್ಲಿ ಸೊರಗಿರುತ್ತದಲ್ವಾ, ಅದು. ಆದರೆ ಎದುರಿಗೆ ಅನಿಲದ ಮೋಡ ಅಡ್ಡ ಬಂದರೂ ಹೆಚ್ಚುಕಡಿಮೆ ಅಂಥದ್ದೇ ಆಕಾರ ಬರುತ್ತದೆ. ಈ ಗ್ಯಾಲಕ್ಸಿಯಲ್ಲಿ ಮೋಡಗಳಿಗೆ ಬರವೇ ಇಲ್ಲ. 10 ಕೆಇವಿವರೆಗೆ ಮಾತ್ರ ನೋಡಿದರೆ ಎರಡೂ ಮಾದರಿ ಚೆನ್ನಾಗಿ ಕೂರುತ್ತವೆ. ತೀರ್ಮಾನ ಆಗೋದು ಅದರಾಚೆ, 20–30ರ ಹತ್ತಿರ, ತಟ್ಟೆಯಿಂದ ಚದುರಿ ಬರುವ ಬೆಳಕಿನ ಗುಡ್ಡದಲ್ಲಿ. ನನ್ನ ತಲೆನೋವು ಇದ್ದದ್ದೂ ಸರಿಯಾಗಿ ಅಲ್ಲೇ.

ನುಸ್ಟಾರ್‌ಗೆ ಎ, ಬಿ ಅಂತ ಎರಡು ಡಿಟೆಕ್ಟರ್. ಎ ಸ್ಪೆಕ್ಟ್ರಮ್‌ನಲ್ಲಿ 28ರಿಂದ 31 ಕೆಇವಿ ನಡುವೆ ಒಂದು ಚೂಪಾದ ಉಬ್ಬು. ಬಿಯಲ್ಲಿ ಇಲ್ಲ. ಎರಡೂ ನೋಡಿದ್ದು ಅದೇ ಗ್ಯಾಲಕ್ಸಿ, ಅದೇ ಹೊತ್ತಿನಲ್ಲಿ! ಮಾದರಿ ಬದಲಾಯಿಸಿದೆ. ಬಿನ್ (ಒಟ್ಟಿಗೆ ಎಣಿಸುವ ಶಕ್ತಿಯ ತುಣುಕು) ದೊಡ್ಡದು ಮಾಡಿದೆ. ಭೂಮಿಯ ವಿಕಿರಣ ಪಟ್ಟಿ ಕೆಳಗಿಳಿದಿರುವ ಜಾಗ (ಎಸ್‌ಎಎ) ದಾಟುವಾಗಿನ ಗದ್ದಲ ತೆಗೆಯುವ ಫಿಲ್ಟರ್ ಬಿಗಿ ಮಾಡಿದೆ. ಜಗ್ಗಲಿಲ್ಲ.

ಈ ಮಧ್ಯೆ ಕಂಪ್ಯೂಟರ್ ಡಿಸ್ಕ್ ಬೇರೆ ಕೈಕೊಟ್ಟಿತು. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ "ಸೀಲ್ ಪೀಸ್ ಸಾರ್" ಅಂತ ಕೊಟ್ಟ ಎಸ್‌ಎಸ್‌ಡಿ. ತೆರೆದು ನೋಡಿದರೆ ಆಗಲೇ 9,000 ಗಂಟೆ ಓಡಿದೆ. ವಾಪಸ್ ತೆಗೆದುಕೊಂಡು ಹೋದರೆ, "ಎಲ್ಲಾ ಹಿಂಗೇ ಬರೋದು ಸಾರ್" ಅಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ದುಡ್ಡು ಕೊಡುವ ಮುಂಚೆ ಅಲ್ಲೇ ಸ್ಮಾರ್ಟ್ ರೀಡಿಂಗ್ (ಡಿಸ್ಕ್ ಎಷ್ಟು ಓಡಿದೆ ಅಂತ ತೋರಿಸುವ ದಾಖಲೆ) ತೆಗೆಸಿ ನೋಡಿ.

ನಿನ್ನೆ ಎ, ಬಿ ಎರಡರ ಚಿತ್ರಗಳನ್ನೂ ಡಿಎಸ್9 ಅನ್ನೋ ಚಿತ್ರ ನೋಡುವ ತಂತ್ರಾಂಶದಲ್ಲಿ ಅಕ್ಕಪಕ್ಕ ಇಟ್ಟು ಲಾಗ್ ಸ್ಕೇಲ್ ಹಾಕಿದೆ. ಆಗ ಕಾಣಿಸಿತು, ಪ್ರತಿ ಡಿಟೆಕ್ಟರ್‌ನ ನಾಲ್ಕು ಚಿಪ್‌ಗಳ ನಡುವಿನ ಸಂದು. ಕೂಡಿಸುವ ಗುರುತಿನ ಹಾಗೆ ಮಸುಕಾದ ಎರಡು ಗೆರೆ. ಚಿತ್ರದಲ್ಲಿ ಎಲ್ಲಿ ಅಳೆಯಬೇಕು ಅಂತ ಹೇಳುವ ರೀಜನ್ ಫೈಲ್ ಎರಡಕ್ಕೂ ಒಂದೇ ಬಳಸಿದ್ದೆ. ಬಿಯಲ್ಲಿ, ಕಳೆಯಬೇಕಾದ ಹಿನ್ನೆಲೆಯನ್ನು ಅಳೆಯಲು ಎಳೆದ ನನ್ನ ಹಸಿರು ವೃತ್ತ ಗ್ಯಾಲಕ್ಸಿ ಕೂತ ಚಿಪ್‌ನಲ್ಲೇ ಇದೆ. ಎಯಲ್ಲಿ ಸಂದು ದಾಟಿ ಪಕ್ಕದ ಚಿಪ್‌ಗೆ ಹೋಗಿ ಕೂತಿದೆ! ಡಿಟೆಕ್ಟರ್ ಸುತ್ತಲಿನ ಸೀಸಿಯಂ ಅಯೋಡೈಡ್ ಕವಚ ತಾನೇ 28 ಮತ್ತು 31 ಕೆಇವಿಯಲ್ಲಿ ಮಿನುಗುತ್ತದೆ. ಆ ಮಿನುಗು ಒಂದೊಂದು ಚಿಪ್‌ನಲ್ಲಿ ಒಂದೊಂದು ಥರ. ಪಕ್ಕದ ಚಿಪ್‌ನ ಲೆಕ್ಕ ಕಳೆದರೆ ಇಲ್ಲಿಯದು ಪೂರ್ತಿ ಹೋಗುವುದಿಲ್ಲ. ಮೂರು ವಾರ ನಾನು ನೋಡಿದ್ದು ಕವಚವನ್ನು.

ಅದೇ ಚಿಪ್‌ನ ಖಾಲಿ ಮೂಲೆಯಲ್ಲಿ ಇನ್ನೂ ದೊಡ್ಡ ವೃತ್ತ ಎಳೆದು ಮತ್ತೆ ಓಡಿಸಿದೆ. ಎ, ಬಿ ಎರಡೂ ಒಂದರ ಮೇಲೊಂದು ಬಂದು ಕೂತವು. ಉಬ್ಬಿನ ಕೆಳಗೆ ಅಡಗಿದ್ದ ನಿಜವಾದ ಗುಡ್ಡ ನುಣ್ಣಗೆ ಕಾಣಿಸಿತು. 10ರವರೆಗೆ ಹೊಂದಿದ್ದ ಮೋಡದ ಮಾದರಿಯನ್ನು ಮುಂದಕ್ಕೆ ಎಳೆದೆ, ಕೂರಲೇ ಇಲ್ಲ. 5.6 ಕೋಟಿ ಜ್ಯೋತಿರ್ವರ್ಷ ದೂರದ ತಟ್ಟೆಯ ಒಳಅಂಚು ನನ್ನ ಲ್ಯಾಪ್‌ಟಾಪಿನಲ್ಲಿ! ಬಹಳ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಸ್ಪಿನ್‌ನ (ಕುಳಿ ತಿರುಗುವ ವೇಗದ) ಎರರ್ ಲೆಕ್ಕ ಇನ್ನೂ ಓಡುತ್ತಿದೆ. ಅಷ್ಟರಲ್ಲಿ ಮನಸ್ಸು ಆಸ್ಟ್ರೋಸ್ಯಾಟ್ ಕಡೆ ಓಡಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮದೇ ಉಪಗ್ರಹ. ಅದರ ಡೇಟಾ ಇರೋದು ಇಲ್ಲೇ ಬೆಂಗಳೂರಿನ ಹತ್ತಿರ, ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ. ಆ ಉಪಗ್ರಹದ ಲ್ಯಾಕ್ಸ್‌ಪಿಸಿ ಅನ್ನೋ ಎಕ್ಸ್-ರೇ ಉಪಕರಣ 3ರಿಂದ 80 ಕೆಇವಿವರೆಗೆ ನೋಡುತ್ತದೆ, ಆದರೆ ಚಿತ್ರ ತೆಗೆಯುವುದಿಲ್ಲ. ವೃತ್ತ ಎಳೆಯುವ ಮಾತೇ ಇಲ್ಲ, ಹಿನ್ನೆಲೆಯನ್ನು ಮಾದರಿ ಕಟ್ಟಿಯೇ ಕಳೆಯಬೇಕು. ಆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ, ನಾನೇ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ.