ಗ್ರಹಣದ ರಾತ್ರಿ ಹಂಪಿಯಲ್ಲಿ ಶಟರ್ ತೆರೆದಿಟ್ಟು

ಸೆಪ್ಟೆಂಬರ್‌ನಲ್ಲಿ ಹಂಪಿಗೆ ಯಾರು ಹೋಗ್ತಾರೆ ಅಂತ ಆಫೀಸಿನಲ್ಲಿ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಮಳೆಗಾಲ ಇನ್ನೂ ಮುಗಿದಿರುವುದಿಲ್ಲ, ಬಿಸಿಲು ಬಂದರೆ ಸೆಖೆ ಬೇರೆ. ಆದರೆ 2025ರ ಸೆಪ್ಟೆಂಬರ್ 7, ಭಾದ್ರಪದ ಹುಣ್ಣಿಮೆಯ ದಿನ, ಪೂರ್ಣ ಚಂದ್ರಗ್ರಹಣ ಇತ್ತು. ರಾತ್ರಿ 9.57ಕ್ಕೆ ಹಿಡಿದು 1.26ಕ್ಕೆ ಬಿಡುವ ಗ್ರಹಣ. ಅದರ ನಡುವೆ 11ರಿಂದ 12.22ರವರೆಗೆ ಚಂದ್ರ ಪೂರ್ತಿ ಭೂಮಿಯ ನೆರಳಿನೊಳಗೆ. ಬೆಂಗಳೂರಿನ ಮೋಡ ನಂಬುವ ಹಾಗಿರಲಿಲ್ಲ. ಕರಾವಳಿ, ಮಲೆನಾಡಿನ ಮಾತೇ ಬೇಡ. ಘಟ್ಟದ ಮಳೆ ಅಷ್ಟಾಗಿ ತಲುಪದ ಬಯಲುಸೀಮೆಯಲ್ಲಿ ಆಕಾಶ ತೆರೆದಿರುವ ಸಾಧ್ಯತೆ ಜಾಸ್ತಿ. ಅದೂ ಅಲ್ಲದೆ ಬೆಳದಿಂಗಳಿಗೆ ಹಂಪಿಯ ಬಂಡೆಗಳಷ್ಟು ಚೆನ್ನಾಗಿ ಒಗ್ಗುವ ಜಾಗ ನಮ್ಮ ಕಡೆ ಇನ್ನೊಂದಿಲ್ಲ ಅನ್ನುವುದು ನನ್ನ ವಾದ.

ಶನಿವಾರ ರಾತ್ರಿ ರೈಲು ಹತ್ತಿದೆವು, ನಾನು ಮತ್ತು ನನ್ನ ಗೆಳೆಯ. ಬೆಳಗ್ಗೆ ಹೊಸಪೇಟೆ. ಸ್ಟೇಷನ್ ಹೊರಗೆ ಇಡ್ಲಿ-ವಡೆ, ಆಮೇಲೆ ಆಟೋ. ಹಂಪಿಗೆ ಅಲ್ಲಿಂದ 13 ಕಿಲೋಮೀಟರ್. ಆಟೋದವರು ನಮ್ಮ ಟ್ರೈಪಾಡ್ ಚೀಲ ನೋಡಿ, ‘ಸಿನಿಮಾದವರೇನ್ರಿ?’ ಅಂದರು. ಚಂದ್ರನ ಫೋಟೋ ತೆಗೆಯಲಿಕ್ಕೆ ಬಂದಿದ್ದೀವಿ ಅಂದರೆ ನಂಬಲಿಲ್ಲ. ‘ಚಂದ್ರ ನಿಮ್ಮೂರಾಗ ಇಲ್ಲೇನು?’

ಬೆಳಗ್ಗೆಯೇ ವಿರೂಪಾಕ್ಷನ ದೇವಸ್ಥಾನಕ್ಕೆ ಹೋದೆವು. ಅಲ್ಲಿ ನನಗೆ ದೇವರಷ್ಟೇ ಮುಖ್ಯವಾದ ಇನ್ನೊಂದು ದರ್ಶನ ಇದೆ. ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಬಿಡಿಸುತ್ತದೆ. ಒಂಬತ್ತು ನೆಲೆಯ, ಸುಮಾರು 50 ಮೀಟರ್ ಎತ್ತರದ ಗೋಪುರ, ಕಳಸ ಕೆಳಗೆ, ಬಾಗಿಲು ಮೇಲೆ. ಗೈಡುಗಳು ಇದನ್ನು ನೆರಳು ಅನ್ನುತ್ತಾರೆ. ಸರಿಯಾಗಿ ನೋಡಿದರೆ ಅದು ಬಿಂಬ. ಲೆನ್ಸ್ ಇಲ್ಲದ ಕ್ಯಾಮೆರಾದೊಳಗೆ ನಾವು ನಿಂತಿರುತ್ತೇವೆ, ಅಷ್ಟೆ. ಬಿಂಬ ಎಷ್ಟು ಮಸುಕು ಅಂದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಬೇಕು. ಹಂಪಿಗೆ ಫೋಟೋಗ್ರಫಿ ಬಂದದ್ದೂ ಬಹಳ ಹಿಂದೆ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಈ ಗುಡಿ-ಮಂಟಪಗಳನ್ನೆಲ್ಲ ಹಿಡಿದಿದ್ದ. ಆ ಕಾಗದಕ್ಕೆ ಹಗಲು ಬೆಳಕಿನಲ್ಲೂ ಲಾಂಗ್ ಎಕ್ಸ್‌ಪೋಷರ್, ಅಂದರೆ ಬಹಳ ಹೊತ್ತು ಬೆಳಕು ಬೀಳಿಸುವುದು, ಬೇಕಾಗುತ್ತಿತ್ತು.

ಸಂಜೆ ಹೇಮಕೂಟ ಬೆಟ್ಟ. ಸೂರ್ಯಾಸ್ತ ನೋಡಲು ಬಂದವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ನಾವಿಬ್ಬರು ಮಾತ್ರ ಪೂರ್ವಕ್ಕೆ ತಿರುಗಿ ಮತಂಗ ಬೆಟ್ಟ ನೋಡುತ್ತಾ ನಿಂತಿದ್ದೆವು. ಹುಣ್ಣಿಮೆಯ ದಿನ ಸೂರ್ಯ ಇಳಿಯುವುದೂ ಚಂದ್ರ ಏರುವುದೂ ಹೆಚ್ಚುಕಮ್ಮಿ ಒಟ್ಟಿಗೆ. ಆ ಹೊತ್ತಿನ ಹದಿನೈದಿಪ್ಪತ್ತು ನಿಮಿಷ ಬಲು ಅಪರೂಪದ್ದು. ನೆಲದ ಬೆಳಕೂ ಚಂದ್ರನ ಬೆಳಕೂ ಸರಿಸಮ ಇರುತ್ತವೆ, ಹಾಗಾಗಿ ಬೆಟ್ಟವೂ ಚಂದ್ರನೂ ಒಂದೇ ಫ್ರೇಮಿನಲ್ಲಿ ಸರಿಯಾಗಿ ಬರುತ್ತವೆ. ಕತ್ತಲಾದ ಮೇಲೆ ಇದು ಆಗದ ಮಾತು. ಬೆಟ್ಟಕ್ಕೆ ಸಾಕಾಗುವಷ್ಟು ಶಟರ್ ತೆರೆದರೆ ಚಂದ್ರ ಬಿಳಿ ಚುಕ್ಕೆ. ಚಂದ್ರನಿಗೆ ಹೊಂದಿಸಿದರೆ ಬೆಟ್ಟ ಮಸಿ.

ಮತಂಗದ ಮೇಲಿನ ವೀರಭದ್ರನ ಗುಡಿಯ ಬಲಕ್ಕೆ ಚಂದ್ರ ಕಾಣಿಸಿದ. ಕೇಸರಿ ಬಣ್ಣ, ಅಂಚು ಸ್ವಲ್ಪ ಅಲುಗಾಡುತ್ತಿತ್ತು. ಟ್ರೈಪಾಡ್ ಚೀಲದಲ್ಲೇ ಇತ್ತು. ರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ನಮಗೂ ಬೇಕಿರಲಿಲ್ಲ. ಹುಣ್ಣಿಮೆ ಚಂದ್ರನ ಫೋಟೋಗೆ ಟ್ರೈಪಾಡ್ ಇಲ್ಲದಿದ್ದರೂ ನಡೆಯುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಚಂದ್ರ ಅಂದರೆ ಬಿಸಿಲಿನಲ್ಲಿ ಬಿದ್ದಿರುವ ಕಲ್ಲು ತಾನೇ? ರಾತ್ರಿ ನಮಗೆ, ಅವನಿಗಲ್ಲ. ಅವನು ಮೇಲೇರಿದ ಮೇಲೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 100, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು) ಎಫ್ 11, ಶಟರ್ ಸೆಕೆಂಡಿನ ನೂರನೇ ಒಂದು ಭಾಗ. ಹಳೆಯ ಫೋಟೋಗ್ರಾಫರುಗಳ ಲೂನಿ 11 ಲೆಕ್ಕ ಇದೇ. ಪ್ರತಿ ಹುಣ್ಣಿಮೆಗೂ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರುವ ಬಿಳಿ ಉಂಡೆಗಳಿಗೆಲ್ಲ ಕಾರಣ ಒಂದೇ. ಕತ್ತಲೆ ಆಕಾಶ ನೋಡಿದ ಕ್ಯಾಮೆರಾ ತಾನೇ ಜಾಸ್ತಿ ಬೆಳಕು ತೆಗೆದುಕೊಂಡುಬಿಡುತ್ತದೆ.

1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್‌ಗೆ ಚಂದ್ರನ ಒಂದು ಫೋಟೋಗೆ 20 ನಿಮಿಷ ಹಿಡಿದಿತ್ತು. ಚಂದ್ರ ಬದಲಾಗಿಲ್ಲ. ಫೋಟೋ ಮೂಡಿಸುವ ಅವನ ತಗಡು ಬೆಳಕಿಗೆ ಅಷ್ಟು ಮಂದ, ಅಷ್ಟೆ.

ಕಾವಲುಗಾರರು ಸೀಟಿ ಊದಿದರು. ಎಲ್ಲರೂ ಇಳಿದೆವು. ಕತ್ತಲಾದ ಮೇಲೆ ಹಂಪಿಯ ಬೆಟ್ಟಗಳಲ್ಲಿ ಇರುವುದಕ್ಕೆ ಬಿಡುವುದಿಲ್ಲ, ಇರಲೂಬಾರದು. ಚಿರತೆ, ಕರಡಿ ಓಡಾಡುವ ಸೀಮೆ ಇದು. ದರೋಜಿ ಕರಡಿಧಾಮ ದೂರವೇನಿಲ್ಲ. ನಮ್ಮ ಬಿಡಾರ ಹೊಳೆಯಾಚೆ, ಆನೆಗೊಂದಿ ಹತ್ತಿರದ ಒಂದು ಹಳ್ಳಿಯಲ್ಲಿ, ಗೆಳೆಯನ ಪರಿಚಯದವರ ಹೊಲದ ಮನೆ. ತುಂಗಭದ್ರೆ ದಾಟಲು ಆ ಹೊತ್ತಿಗೆ ದೋಣಿ ಇಲ್ಲ. ಕಮಲಾಪುರದ ಮೇಲೆ ಬುಕ್ಕಸಾಗರದ ಸೇತುವೆ ದಾಟಿ ಸುತ್ತಿ ಬಂದೆವು.

ಮನೆಯ ಅಕ್ಕ ಬಾಗಿಲಲ್ಲೇ ತಡೆದು ಹೇಳಿದರು: ‘ಗ್ರಾಣ ಬಿಡೋತನ ಏನೂ ತಿನ್ನಬ್ಯಾಡ್ರಿ ಮತ್ತ.’ ಅವರ ಮನೆಯಲ್ಲಿ ಮಧ್ಯಾಹ್ನಕ್ಕೇ ಊಟ ಮುಗಿದಿತ್ತು. ನೀರಿನ ಕೊಡ, ಮೊಸರಿನ ಗಡಿಗೆ, ಎಲ್ಲದರ ಮೇಲೂ ದರ್ಭೆ. ನಾವು ಹೂಂ ಅಂದೆವು. ಚೀಲದಲ್ಲಿದ್ದ ಬಿಸ್ಕತ್ತಿನ ವಿಷಯ ಹೇಳಲಿಲ್ಲ.

ಹೊಲದ ಅಂಚಿನಲ್ಲಿ ಟ್ರೈಪಾಡ್ ನಿಲ್ಲಿಸಿದಾಗ ಎಂಟೂವರೆ. ಗ್ರಹಣಕ್ಕೆ ಇನ್ನೂ ಸಮಯವಿತ್ತು. ನನ್ನ ಪ್ರಕಾರ ರಾತ್ರಿಯ ಬಹುಪಾಲು ಮಜಾ ಇರುವುದು ಇಲ್ಲೇ. ಚಂದ್ರನಿಗೆ ಬೆನ್ನು ಮಾಡಿ ನಿಲ್ಲಬೇಕು. ಅವನು ಏನನ್ನು ಬೆಳಗುತ್ತಿದ್ದಾನೋ ಅದರ ಕಡೆ ಕ್ಯಾಮೆರಾ ತಿರುಗಿಸಬೇಕು. ಎಫ್ 2.8, ಐಎಸ್‌ಒ 400, ಶಟರ್ 30 ಸೆಕೆಂಡು. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಮ್ಮಿ. ಆದರೆ ಆ ಅರ್ಧ ನಿಮಿಷದಲ್ಲಿ ಸೆನ್ಸರ್ ಅದನ್ನು ಕೂಡಿಟ್ಟುಕೊಳ್ಳುತ್ತದೆ, ಹುಂಡಿಗೆ ಚಿಲ್ಲರೆ ಹಾಕಿದ ಹಾಗೆ. ಪರದೆ ಮೇಲೆ ಮೂಡಿದ ಚಿತ್ರದಲ್ಲಿ ಆಕಾಶ ನೀಲಿ, ಬತ್ತದ ಗದ್ದೆ ಹಸಿರು, ಬಂಡೆಗಳು ತಿಳಿ ಗುಲಾಬಿ. ಗದ್ದೆಯಾಚೆ ಅಂಜನಾದ್ರಿ ಬೆಟ್ಟ. ಇವೆಲ್ಲ ಬಣ್ಣ ಅಲ್ಲಿ ಇದ್ದದ್ದೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಬೂದು-ಕಪ್ಪು ಮಾತ್ರ. ಮಧ್ಯಾಹ್ನದ ಫೋಟೋ ಅನ್ನಬೇಕು, ಆದರೆ ಮೇಲೆ ನಕ್ಷತ್ರ. ಅಮ್ಮನಿಗೆ ಕಳಿಸಿದೆ. ‘ಹಗಲು ಹೊತ್ತಿನಲ್ಲಿ ನಕ್ಷತ್ರ ಎಲ್ಲಿಂದ ಬಂತೋ?’ ಅಂತ ಉತ್ತರ ಬಂತು.

ಒಂದು ಬಂಡೆಯನ್ನು ಹತ್ತಿರದಿಂದ ತೆಗೆದೆ. ಆನೆ ಗಾತ್ರದ್ದು, ಮೈಯೆಲ್ಲ ಸಿಪ್ಪೆ ಸುಲಿದಂತೆ ಪದರ ಬಿಟ್ಟಿತ್ತು. ಸಂದಿಯಲ್ಲಿ ಒಂದು ಅತ್ತಿ ಗಿಡ. ಗಾಳಿಗೆ ಅದರ ಎಲೆಗಳೆಲ್ಲ ಮೂವತ್ತು ಸೆಕೆಂಡಿನಲ್ಲಿ ಕಲಸಿಹೋಗಿ ಹಸಿರು ಹೊಗೆಯ ಹಾಗೆ ಬಂದವು. ಬಂಡೆಯ ಮೇಲಿನ ಒಂದೊಂದು ಬಿರುಕೂ ಚೂಪಾಗಿ ನಿಂತಿತ್ತು.

9.57ಕ್ಕೆ ಚಂದ್ರನ ಕೆಳಗಿನ ಎಡ ಅಂಚಿಗೆ ಮಸಿ ಹತ್ತಿತು. ಮನೆಯೊಳಗೆ ಅಕ್ಕ ಕಂಚಿನ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸುತ್ತಿದ್ದರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ರೂಢಿ ಇದೆ. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅನ್ನುವ ನಂಬಿಕೆ. ಎರಡೂ ಅಂಗೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಸಮ ನೋಡಿ, ಮೆಲ್ಲಗೆ ಕೈ ಬಿಟ್ಟರು. ನಿಂತಿತು! ಬುಡ ಸಪಾಟಾಗಿದ್ದರೆ ಯಾವತ್ತಾದರೂ ನಿಂತೀತು ಅಂತ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ. ಇರಬಹುದು. ಆದರೆ ಹಾಗೆ ನಿಲ್ಲಿಸುವ ಕೈ ಎಲ್ಲರಿಗೂ ಬರುವುದಿಲ್ಲ. ದೀಪ ಆರಿಸಿ, ಕಿಟಕಿಯಿಂದ ಬರುತ್ತಿದ್ದ ಬೆಳದಿಂಗಳಲ್ಲೇ ಒನಕೆಯದೊಂದು ಲಾಂಗ್ ಎಕ್ಸ್‌ಪೋಷರ್ ತೆಗೆದುಕೊಂಡೆ. ತಟ್ಟೆಯ ನೀರು ಗಾಜಿನ ಹಾಗೆ ಬಂದಿದೆ.

‘ನಿಮ್ಮ ಕ್ಯಾಮೆರಾಕ್ಕ ಗ್ರಾಣ ಹಿಡಿಯಂಗಿಲ್ಲೇನ್ರಿ?’ ಅಂತ ಅಕ್ಕ ಕೇಳಿದರು. ಇಬ್ಬನಿ ಹಿಡಿಯುತ್ತದೆ ಅಂದೆ. ಸೆಪ್ಟೆಂಬರ್ ಗಾಳಿಯಲ್ಲಿ ಪಸೆ ಜಾಸ್ತಿ, ಲೆನ್ಸ್ ಮೇಲೆ ಆಗಲೇ ಮಂಜು ಕಟ್ಟತೊಡಗಿತ್ತು. ಹತ್ತಿ ಬಟ್ಟೆ ಕೊಟ್ಟರು, ಹಳೆ ಸೀರೆಯ ತುಂಡು. ಅಂಗಡಿಯ ಲೆನ್ಸ್ ಬಟ್ಟೆಗಿಂತ ವಾಸಿ.

11 ಗಂಟೆ. ಈಗ ಲೆಕ್ಕವೇ ಉಲ್ಟಾ. ಸಂಜೆ ಕೈಯಲ್ಲೇ ಹಿಡಿದು ತೆಗೆದ ಚಂದ್ರ ಈಗ ಸಾವಿರಾರು ಪಟ್ಟು ಮಂಕು. ತಾಮ್ರದ ಬಣ್ಣ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ಸೋಸಿ ಬಂದ ಕೆಂಪು ಬೆಳಕು ಮಾತ್ರ ಅವನಿಗೆ ತಲುಪುತ್ತಿತ್ತು. ಆ ಕ್ಷಣಕ್ಕೆ ಚಂದ್ರನ ಮೇಲೆ ನಿಂತು ನೋಡಿದ್ದರೆ ಭೂಮಿಯ ಸುತ್ತ ಎಲ್ಲ ಊರಿನ ಸೂರ್ಯೋದಯ, ಸೂರ್ಯಾಸ್ತಗಳೂ ಒಂದೇ ಬಳೆಯಾಗಿ ಕಾಣುತ್ತಿದ್ದವು. ಲಾಂಗ್ ಎಕ್ಸ್‌ಪೋಷರ್ ಈಗ ಚಂದ್ರನಿಗೇ ಬೇಕು.

ಇಲ್ಲೊಂದು ಜಗ್ಗಾಟ ಇದೆ. ಬೆಳಕು ಸಾಲದು ಅಂತ ಎಂಟು ಹತ್ತು ಸೆಕೆಂಡು ತೆರೆದಿಟ್ಟರೆ ಚಂದ್ರ ಸರಿದುಬಿಡುತ್ತಾನೆ. ತನ್ನ ಅಗಲದಷ್ಟು ದೂರ ಸರಿಯಲು ಅವನಿಗೆ ಎರಡು ನಿಮಿಷ ಸಾಕು. ಬರಿಗಣ್ಣಿಗೆ ಇದೇನೂ ಅಲ್ಲ. ದೂರದ್ದನ್ನು ಹತ್ತಿರಕ್ಕೆ ಎಳೆಯುವ 300 ಎಂಎಂ ಲೆನ್ಸಿಗೆ ಒಂದು ಸೆಕೆಂಡು ದಾಟಿದರೂ ಅಂಚು ಮಸುಕು. ಹಾಗಾಗಿ ಎಫ್ 5.6, ಒಂದು ಸೆಕೆಂಡು, ಐಎಸ್‌ಒ 3200. ಚಿತ್ರ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ. ಮುಟ್ಟಿದರೆ ಅಲುಗುತ್ತದೆ ಅಂತ ರಿಮೋಟು. ಟ್ರೈಪಾಡ್ ಮೇಲಿದ್ದಾಗ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸರ್ ಆಫ್. ಚಂದ್ರ ಆಗ 65 ಡಿಗ್ರಿ ಎತ್ತರ ದಾಟಿ ನೆತ್ತಿಯ ಕಡೆ ಹೊರಟಿದ್ದ. ಕ್ಯಾಮೆರಾ ಪರದೆ ನೋಡಲು ಕೆಸರಿನಲ್ಲಿ ಮೊಣಕಾಲೂರಿ ಕುತ್ತಿಗೆ ತಿರುಚಬೇಕಾಗಿತ್ತು. ಸೊಳ್ಳೆಗಳ ವಿಷಯ ಬರೆಯುವುದಿಲ್ಲ.

ಅಷ್ಟು ಎತ್ತರದ ಚಂದ್ರನ ಜೊತೆ ನೆಲವನ್ನೂ ಸೇರಿಸುವುದು ಕಷ್ಟ. ಗೆಳೆಯ ಅದಕ್ಕೊಂದು ದಾರಿ ಹುಡುಕಿದ್ದ. ಅಗಲ ನೋಟದ 14 ಎಂಎಂ ಲೆನ್ಸನ್ನು ದಕ್ಷಿಣಕ್ಕೆ, ಹೊಳೆಯಾಚೆಯ ಹಂಪಿಯ ಗುಡ್ಡಗಳ ಕಡೆಗೆ, ಉದ್ದುದ್ದ ನಿಲ್ಲಿಸಿ, ಗ್ರಹಣ ಹಿಡಿದಾಗಿನಿಂದ ಬಿಡುವವರೆಗೂ ಐದೈದು ನಿಮಿಷಕ್ಕೆ ಒಂದೊಂದು ಫ್ರೇಮು. ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿದರೆ ಬಿಳಿ, ಅರ್ಧ, ತಾಮ್ರ, ಮತ್ತೆ ಬಿಳಿ, ಹೀಗೆ ಒಂದು ಕಮಾನು. ನಡುವೆ ಮೋಡ ಬಂದು ಕಾಲು ಗಂಟೆ ನುಂಗಿತು. ಕಮಾನಿನಲ್ಲಿ ಹಲ್ಲು ಬಿದ್ದ ಜಾಗ ಇನ್ನೂ ಹಾಗೇ ಇದೆ. ಬೇರೆ ಫ್ರೇಮಿನ ಚಂದ್ರನನ್ನು ತಂದು ಅಂಟಿಸಬಹುದಿತ್ತು, ಅವನು ಒಪ್ಪಲಿಲ್ಲ. ಒಳ್ಳೆಯದೇ ಆಯಿತು.

ಮೋಡ ಸರಿದಾಗ ನೋಡಿದರೆ ಆಕಾಶವೇ ಬೇರೆ. ಹತ್ತು ಗಂಟೆಗೆ ನಾಲ್ಕು ನಕ್ಷತ್ರ ಕಾಣುತ್ತಿದ್ದ ಕಡೆ ಈಗ ಸಾವಿರ. ಪಶ್ಚಿಮಕ್ಕೆ ಆಕಾಶಗಂಗೆ, ಚಂದ್ರನ ಎಡಕ್ಕೆ ಸ್ವಲ್ಪ ದೂರದಲ್ಲಿ ಶನಿ. ಹುಣ್ಣಿಮೆಯ ನಡುರಾತ್ರಿ ಆಕಾಶಗಂಗೆ ಕಾಣುವುದು ಗ್ರಹಣದಲ್ಲಿ ಮಾತ್ರ. ಎಂಟೂವರೆಗೆ ತೆಗೆದ ಅದೇ ಬಂಡೆಯನ್ನು, ಅದೇ ಸೆಟ್ಟಿಂಗಿನಲ್ಲಿ, ಮತ್ತೆ ತೆಗೆದೆ. ಫ್ರೇಮು ಪೂರಾ ಕಪ್ಪು. ಐಎಸ್‌ಒ 6400ಕ್ಕೆ ಏರಿಸಿದ ಮೇಲೆ ಬಂಡೆಯ ಆಕಾರ ಮಾತ್ರ ಮೂಡಿತು, ಹಿಂದೆ ನಕ್ಷತ್ರಗಳ ರಾಶಿ. ಈ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಎರಡು ಊರು ಅನ್ನಿಸುತ್ತದೆ. ಇಡೀ ಪ್ರವಾಸದಲ್ಲಿ ನನಗೆ ಬೇಕಾಗಿದ್ದದ್ದು ಈ ಜೋಡಿ. ಚಂದ್ರನ ಕ್ಲೋಸಪ್ಪು ಅವತ್ತು ದೇಶದಲ್ಲಿ ಲಕ್ಷ ಜನ ತೆಗೆದಿರುತ್ತಾರೆ.

12.22ಕ್ಕೆ ಅಂಚಿನಲ್ಲಿ ಬಿಳಿ ಕಿಡಿ ಬಂತು. ಐದೇ ನಿಮಿಷದಲ್ಲಿ ಆಕಾಶಗಂಗೆ ಮಾಯ. ಒಂದೂವರೆಗೆ ಅಕ್ಕ ಎದ್ದು ಒಲೆ ಹಚ್ಚಿ ನೀರು ಕಾಯಿಸಿದರು. ಒನಕೆ ಬಿದ್ದಿತ್ತೋ, ಅವರೇ ತೆಗೆದಿಟ್ಟರೋ, ನಾವು ಹೊಲದಲ್ಲಿದ್ದೆವು. ಸ್ನಾನ ಆಗದೆ ಒಳಗೆ ಬಿಡಲಿಲ್ಲ. ಆಮೇಲೆ ಬಿಸಿ ಅನ್ನ, ತೊಗರಿಬೇಳೆ ಸಾರು, ಶೇಂಗಾ ಚಟ್ನಿ. ಬಿಸ್ಕತ್ತು ತಿಂದ ಹೊಟ್ಟೆಯಲ್ಲೂ ಎರಡು ಸಲ ಬಡಿಸಿಕೊಂಡೆವು.

ಪೂರ್ಣ ಚಂದ್ರಗ್ರಹಣ ನಮ್ಮ ಕಡೆ ಹೀಗೇ ರಾತ್ರಿ ಹೊತ್ತಿನಲ್ಲಿ ಪೂರ್ತಿ ಸಿಗುವುದು ಇನ್ನು 2028ರ ಡಿಸೆಂಬರ್ 31ಕ್ಕೆ. ಗ್ರಹಣದ ನಡುಮಧ್ಯ ರಾತ್ರಿ 10.22ರ ಸುಮಾರಿಗೆ. ಡಿಸೆಂಬರ್ ಅಂದರೆ ಹಂಪಿಯಲ್ಲಿ ಒಣ ಹವೆ, ಮೋಡದ ಕಾಟ ಕಮ್ಮಿ. ಆದರೆ ಹೊಸ ವರ್ಷದ ರಾತ್ರಿ ಆನೆಗೊಂದಿ ಕಡೆ ರೂಮು ಸಿಗುವುದು ಕಷ್ಟ, ಅಲ್ವಾ? ಗೆಳೆಯ ಕೈ ತೊಳೆಯುವಾಗಲೇ ಅಕ್ಕನ ಹತ್ತಿರ ಮಾತಾಡಿಬಿಟ್ಟ. ‘ಬರ್ರಿ, ಆದ್ರ ಆವತ್ತೂ ಊಟ ಲಗೂನ ಮುಗಿಸಬೇಕು ನೋಡ್ರಿ’ ಅಂದರು.